ಹಿಂದಿನ ಡೆಕ್ಕಿನ ಚನ್ನವೀರ

ನನಗೆ ಕಾರನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬಂದಿದ್ದರೆ ಚನ್ನವೀರನ ಕತೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಜೆ.ಪಿ. ನಗರದ ಆರನೇ ಹಂತದಲ್ಲಿ ನಮ್ಮ ಅಪಾರ್ಟ್‌ಮೆಂಟ್. ಇಪ್ಪತ್ನಾಲ್ಕು ಮನೆ, ಇಪ್ಪತ್ತೆಂಟು ಕಾರು. ಪಾರ್ಕಿಂಗ್ ಕಟ್ಟಿದ ಪುಣ್ಯಾತ್ಮ ಜೀವಮಾನದಲ್ಲಿ ಕಾರು ನೋಡಿದ್ದನೋ ಇಲ್ಲವೋ, ಎರಡು ಕಂಬಗಳ ನಡುವೆ ಹಿಂದುಹಿಂದಾಗಿ ನುಗ್ಗಿ, ಗೋಡೆಗೆ ಒಂದು ಗೇಣು ಉಳಿದಾಗ ನಿಲ್ಲಿಸಬೇಕು. ಎಡಗನ್ನಡಿಯನ್ನು ಎರಡು ಸಲ, ಬಲಗನ್ನಡಿಯನ್ನು ಒಂದು ಸಲ ಆ ಕಂಬಗಳಿಗೆ ಬಲಿ ಕೊಟ್ಟಿದ್ದೇನೆ.

ಸಂಘದ ಕಾರ್ಯದರ್ಶಿಯೂ ನಾನೇ. ಬೇರೆ ಯಾರೂ ಒಪ್ಪಲಿಲ್ಲ, ನನಗೆ ಬೇಡ ಅನ್ನಲು ಬರಲಿಲ್ಲ. ಮೂರು ವರ್ಷದ ಹಿಂದೆ ಚನ್ನವೀರನನ್ನು ಸೆಕ್ಯುರಿಟಿ ಕೆಲಸಕ್ಕೆ ತೆಗೆದುಕೊಂಡವಳೂ ನಾನೇ. ನಲವತ್ತರ ಆಸುಪಾಸಿನ ಗದಗಿನ ಕಡೆಯ ಮನುಷ್ಯ. ಬಿಟಿಎಂನಲ್ಲಿ ಬಾಡಿಗೆ ಮನೆ. ಹೆಂಡತಿ ರೇಣವ್ವ ಅಲ್ಲೇ ಒಂದು ಪಿಜಿಯಲ್ಲಿ ರೊಟ್ಟಿ ಬಡಿಯುತ್ತಾಳೆ.

"ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದ್ದೆ.

"ಹಡಗಿನ್ಯಾಗ್ರಿ."

ಗದಗಿಗೂ ಹಡಗಿಗೂ ಎತ್ತಣಿಂದೆತ್ತ ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ಏನೋ ಒಂದು ಇರಲಿ ಎಂದು ಟೋಪಿ, ಸೀಟಿ ಕೊಟ್ಟು ಗೇಟಿಗೆ ನಿಲ್ಲಿಸಿದೆ.

ಮೊದಲ ದಿನವೇ ತೊಡಕು ಶುರುವಾಯಿತು. ನಾನು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಬೇರೆ ಸೆಕ್ಯುರಿಟಿಯವರಾದರೆ "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಾ ನಿಂತಿರುತ್ತಾರೆ, ಗೋಡೆಗೆ ಗುದ್ದಿದ ಮೇಲೂ ಒಂದು ಸಲ "ಬರ್ಲಿ" ಅನ್ನುತ್ತಾರೆ. ಇವನು ಹಿಂದೆ ನಿಂತು "ಎರಡು ಮೀಟರ್" ಎಂದ. ನಾನು ಬಂದೆ. ತಕ್ಷಣ ಮುಷ್ಟಿ ಎತ್ತಿ "ಹೋಲ್ಡ್!" ಎಂದು ಎಂಥ ಗಂಟಲಿನಲ್ಲಿ ಕೂಗಿದನೆಂದರೆ ಬ್ರೇಕಿನ ಮೇಲೆ ನಾನು ಎದ್ದೇ ನಿಂತೆ. ಅವನು ಕಿಟಕಿಯ ಕಡೆಗೆ ಬಂದ. ಹತ್ತಿರ ಬರಲಿಲ್ಲ, ಎರಡು ಮಾರು ದೂರದಲ್ಲೇ ನಿಂತು ಹೇಳಿದ.

"ಮೇಡಂ, ನಾ ಎರಡು ಮೀಟರ್ ಅಂದ್ರ ನೀವೂ ಎರಡು ಮೀಟರ್ ಅನ್ನಬೇಕ್ರಿ."

"ಯಾಕ್ರೀ? ನನಗೇನು ಕಿವಿ ಕೇಳಲ್ವಾ?"

"ಕೇಳ್ಸೇತಿ ಅಂತ ನಂಗ ಹ್ಯಾಂಗ ಗೊತ್ತಾಗಬೇಕ್ರಿ?"

"ಎರಡು ಮೀಟರ್" ಎಂದೆ. ಅವನು "ಒಂದು ಮೀಟರ್" ಎಂದ. ನಾನೂ ಒಂದು ಮೀಟರ್ ಎಂದೆ. ಅರ್ಧ ಎಂದ, ಅರ್ಧ ಎಂದೆ. ಹೋಲ್ಡ್ ಎಂದ, ಹೋಲ್ಡ್ ಎಂದೆ. ಇಳಿದು ನೋಡಿದರೆ ಕಾರು ಎರಡೂ ಕಂಬಗಳ ನಟ್ಟನಡುವೆ ನಿಂತಿತ್ತು. ಅಂದಿನಿಂದ ಇಂದಿನವರೆಗೆ ಕನ್ನಡಿ ಒಡೆದಿಲ್ಲ.

ಆಮೇಲೆ ಒಂದು ದಿನ ಬಣ್ಣ ಕೇಳಿದ. ಒಂದು ಕಂಬಕ್ಕೆ ಕೆಂಪು, ಒಂದಕ್ಕೆ ಹಸಿರು. "ಎಡಾ ಬಲಾ ಅಂದ್ರ ನಿಮ್ಮದೋ ನಂದೋ ಅಂತ ಗದ್ಲ ಆಗತೈತ್ರಿ. ಹಡಗಿನ್ಯಾಗ ಎಡಾ ಕೆಂಪು, ಬಲಾ ಹಸರು. ನೀವು ಹ್ಯಾಂಗರ ತಿರುಗಿ ನಿಲ್ಲರಿ, ಕೆಂಪು ಕೆಂಪs ಇರತೈತಿ." ಈ ಮಾತು ನನಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ಮುನ್ನೂರ ಎರಡನೇ ಮನೆಯ ಮೋಹಿತ್ ಮಾತ್ರ ಇಂದಿಗೂ "ಆಂಟಿ, ಕೆಂಪು ಅಂದ್ರೆ ನಿಲ್ಲಿಸ್ಬೇಕಲ್ವಾ?" ಎಂದು ಹಸಿರು ಕಂಬಕ್ಕೆ ಉಜ್ಜಿಕೊಂಡೇ ಹೋಗುತ್ತಾನೆ.

ಇನ್ನೊಂದು ವಿಚಿತ್ರವೂ ಇತ್ತು. ಚನ್ನವೀರ ಯಾರ ಹತ್ತಿರವೂ ಬರುತ್ತಿರಲಿಲ್ಲ. ಕೊರಿಯರ್ ಕೊಡಲಿ, ಕೀ ಕೊಡಲಿ, ಕೈಯನ್ನು ಇಷ್ಟುದ್ದ ಚಾಚಿ ಕೊಡುತ್ತಿದ್ದ. ಲಿಫ್ಟಿನಲ್ಲಿ ಇನ್ನೊಬ್ಬರಿದ್ದರೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ. ಕೊರೋನಾ ಭಯ ಇನ್ನೂ ಬಿಟ್ಟಿಲ್ಲ ಪಾಪ ಎಂದು ಕೆಲವರು, ಮಡಿ ಜಾಸ್ತಿ ಎಂದು ಕೆಲವರು. ನಡೆಯುವಾಗಲೂ ಕಣ್ಣು ನೆಲದ ಮೇಲೆ, ತನ್ನದೇ ಕಾಲನ್ನು ಕಾವಲು ಕಾಯುವವನ ಹಾಗೆ.

ಹಡಗಿನ ಮಾತನ್ನು ಅವನ ಬಾಯಿಂದ ಹೊರಡಿಸಲು ನನಗೆ ವರ್ಷ ಹಿಡಿಯಿತು. ಸೋದರಮಾವ ಗೋವಾದ ವಾಸ್ಕೋದಲ್ಲಿ ಅದಿರು ಸಾಗಿಸುವ ದೋಣಿಗಳ ಮೇಲೆ ಕೂಲಿಯಾಗಿದ್ದನಂತೆ. ಅವನ ಬೆನ್ನಿಗೆ ಹೋದ ಹುಡುಗ ದೊಡ್ಡ ಹಡಗು ಹತ್ತಿದ. ಅಲ್ಲಿ ಒಂಬತ್ತು ವರ್ಷವೂ ಅವನ ಜಾಗ ಒಂದೇ, ಹಿಂದಿನ ಡೆಕ್. ಹಡಗಿನ ತೀರಾ ಹಿಂಬದಿಯಲ್ಲಿ ಮೇಲೆ ಸೂರಿಲ್ಲದ ಬಯಲು. ಸುತ್ತ ಕಂಬಿ, ತುದಿಯಲ್ಲಿ ಬಾವುಟ. ನಮ್ಮ ಪಾರ್ಕಿಂಗಿನಷ್ಟೇ ಜಾಗವಂತೆ. ಹಡಗನ್ನು ದಡಕ್ಕೆ ಕಟ್ಟುವ ತೋಳಿನ ಗಾತ್ರದ ಹಗ್ಗಗಳು, ಅವನ್ನು ಎಳೆದು ಸುತ್ತುವ ಯಂತ್ರಗಳು ಇರುವುದು ಅಲ್ಲಿ. ಕ್ಯಾಪ್ಟನ್ ಇರುವುದು ಎಲ್ಲೋ ಮೇಲೆ, ಅವನಿಗೆ ಹಿಂದಿನದು ಕಾಣುವುದಿಲ್ಲ. ಹಿಂದಿನವರು ವಾಕಿಟಾಕಿಯಲ್ಲಿ ಮೂವತ್ತು ಮೀಟರ್ ಎಂದರೆ ಮೇಲಿನಿಂದ ಮೂವತ್ತು ಮೀಟರ್ ಎಂಬ ಮರುದನಿ ಬರಬೇಕು. ಬರದಿದ್ದರೆ ಯಾರೂ ಕೈ ಆಡಿಸುವಂತಿಲ್ಲ.

"ಮುಂದಿನ ಡೆಕ್ಕಿಗೆ ಒಮ್ಮೆನೂ ಹಾಕ್ಲಿಲ್ವಾ?" ಎಂದೆ.

"ಇಲ್ರಿ. ನಾ ಒಂದೂ ಊರು ಎದುರಿಂದ ಬರೂದು ನೋಡಿಲ್ಲ. ನಂಗ ಎಲ್ಲಾ ಊರೂ ದಾಟಿ ಹೋದ ಮ್ಯಾಲ ಕಂಡಾವು."

"ಮತ್ತೆ ಯಾಕೆ ಬಿಟ್ರಿ?"

"ಸಾಕಾತ್ರಿ" ಎಂದು ಗೇಟು ತೆಗೆಯಲು ಹೋದ. ಗೇಟಿನ ಹೊರಗೆ ಯಾರೂ ಇರಲಿಲ್ಲ.

ಹೋದ ತಿಂಗಳು ಮೋಹಿತ್ ಒಂದು ಘನಕಾರ್ಯ ಮಾಡಿದ. ನಾನು ಕಾರು ಹಿಂದಕ್ಕೆ ತೆಗೆಯುವುದನ್ನು, ಚನ್ನವೀರ ಕೂಗುವುದನ್ನು, ನಾನು ಶಾಲೆಯ ಮಗುವಿನಂತೆ ಮರಳಿ ಕೂಗುವುದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿಬಿಟ್ಟ. ಬನಶಂಕರಿಯಿಂದ ನನ್ನ ತಂಗಿ ಫೋನ್ ಮಾಡಿ ಐದು ನಿಮಿಷ ಬರೀ ನಕ್ಕಳು. ಮೋಹಿತನನ್ನು ಲಿಫ್ಟಿನ ಬಾಗಿಲಲ್ಲೇ ತಡೆದು ಚೆನ್ನಾಗಿ ಉಗಿದೆ. "ಸಾರಿ ಆಂಟಿ, ಆದ್ರೆ ಸಖತ್ತಾಗಿ ಓಡ್ತಾ ಇದೆ" ಎಂದ. ಆಂಟಿ ಎಂದದ್ದಕ್ಕೆ ಇನ್ನೊಂದು ಸುತ್ತು ಉಗಿದೆ.

ಆ ವಿಡಿಯೋದಲ್ಲಿ ನಮ್ಮ ಗೇಟಿನ ಬೋರ್ಡೂ ಕಾಣುತ್ತಿತ್ತು, ಬೋರ್ಡಿನ ಮೇಲೆ ಕಾರ್ಯದರ್ಶಿಯ ನಂಬರೂ ಇತ್ತು. ಎರಡು ದಿನಕ್ಕೆ ಒಂದು ಕರೆ ಬಂತು.

"ನಮಸ್ಕಾರ ಮೇಡಂ. ನನ್ನ ಹೆಸರು ದೇವದಾಸ್. ತಿಲಕ್ ನಗರದಲ್ಲಿ ಬೀಗದ ಕೈ ಮಾಡೋ ಅಂಗಡಿ ಇಟ್ಕೊಂಡಿದ್ದೀನಿ. ಆ ವಿಡಿಯೋದಲ್ಲಿ ಹೋಲ್ಡ್ ಅಂತ ಕೂಗ್ತಾನಲ್ಲ, ಅವನು ಚನ್ನವೀರ ತಾನೇ?"

"ಹೌದು. ಯಾಕೆ?"

"ನಾವಿಬ್ರೂ ಒಂದೇ ಹಡಗಲ್ಲಿದ್ವಿ ಮೇಡಂ. ಹನ್ನೊಂದು ವರ್ಷದಿಂದ ಹುಡುಕ್ತಾ ಇದ್ದೀನಿ. ಅವನ ಹತ್ರ ಒಂದು ಮಾತು ಆಡೋದಿದೆ."

ನಾನು ಸಂಭ್ರಮದಿಂದ ಭಾನುವಾರ ಹನ್ನೊಂದು ಗಂಟೆಗೆ ಬನ್ನಿ ಎಂದುಬಿಟ್ಟೆ. ಚನ್ನವೀರನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿ ಮಾಡುವ ಬುದ್ಧಿ ನನಗೆ ಇದ್ದಿದ್ದರೆ ಕಾರ್ಯದರ್ಶಿ ಯಾಕಾಗುತ್ತಿದ್ದೆ!

ಕೆಳಗಿಳಿದು ಹೇಳಿದೆ. ಹಳೇ ಸ್ನೇಹಿತ ಎಂದರೆ ಮುಖ ಅರಳೀತು ಎಂದುಕೊಂಡಿದ್ದೆ. ಅವನು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದ. ಮರುದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ, ಎರಡು ಮಾರು ದೂರದಲ್ಲಿ. ಕೈಯಲ್ಲಿ ಚೀಟಿ. ಗೊಟ್ಟಿಗೆರೆಯಲ್ಲಿ ಬೇರೆ ಕೆಲಸ ನೋಡಿಕೊಂಡಿದ್ದೇನೆ, ಶನಿವಾರಕ್ಕೆ ಬಿಡಬೇಕು ಎಂದು ಬರೆದಿತ್ತು.

ನನಗೆ ಸಿಟ್ಟು ಬಂತು. ಅರ್ಧ ಸಿಟ್ಟು ಕಾರಿನ ಸಲುವಾಗಿ, ಸುಳ್ಳೇಕೆ ಹೇಳಲಿ.

"ಆ ಮನುಷ್ಯ ಬರ್ತಾನೆ ಅಂತ ಓಡಿಹೋಗ್ತಿದ್ದೀರಾ? ಏನು ಮಾಡಿದ್ದಾನೆ ನಿಮಗೆ?"

"ಅವ ಏನೂ ಮಾಡಿಲ್ರಿ. ಮಾಡಿದಾವ ನಾನು." ಮತ್ತೆ ತಡೆದು, "ನಾ ಮಾಡೇನೋ ಇಲ್ಲೋ, ಅದs ತಿಳೀವಲ್ದರಿ ಮೇಡಂ. ಹನ್ನೊಂದು ವರ್ಷ ಆತು" ಎಂದ.

ಒಳಗೆ ಕರೆದರೆ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಹೇಳಿದ. ನಾನು ಒಳಗೆ ಕುರ್ಚಿ ಹಾಕಿಕೊಂಡು ಕೇಳಿದೆ.

ಯಾವುದೋ ದೂರದ ಬಂದರು. ಹಡಗನ್ನು ದಡಕ್ಕೆ ಎಳೆಯುತ್ತಿದ್ದರು, ಹಿಂದಿನ ಡೆಕ್ಕಿನಲ್ಲಿ ಹಗ್ಗ ಬಿಗಿಯಾಗುತ್ತಿತ್ತು. ಯಂತ್ರ ನಡೆಸುವವನಿಗೆ ಹಗ್ಗ ಕಾಣುವುದಿಲ್ಲ, ಅವನು ಚನ್ನವೀರನ ಕೈ ನೋಡುತ್ತಾನೆ. ಚನ್ನವೀರ ಹಗ್ಗ ನೋಡಬೇಕು. ಮಿತಿ ಮೀರಿ ಬಿಗಿಯಾಯಿತು ಎನಿಸಿದರೆ ಮುಷ್ಟಿ ಎತ್ತಿ ಹೋಲ್ಡ್ ಎಂದು ಕೂಗಬೇಕು. ಅಷ್ಟೇ ಅವನ ಕೆಲಸ. ಪಕ್ಕದಲ್ಲಿ ದೇವದಾಸ್ ನಿಂತಿದ್ದ. ಚನ್ನವೀರನಿಗಿಂತ ಹತ್ತು ವರ್ಷ ಹಿರಿಯ, ಆ ಡೆಕ್ಕಿನ ಮೇಲೆ ಕನ್ನಡ ಮಾತಾಡುವ ಇನ್ನೊಬ್ಬನೆಂದರೆ ಅವನೊಬ್ಬನೇ.

"ಆಗ ನನ್ನ ಕಾಲು ದೇವಣ್ಣನ ಕಾಲಿಗೆ ತಾಕ್ತರಿ."

"ಸರಿ, ತಾಗಿತು. ಆಮೇಲೆ?"

"ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ ರೀ."

ನನಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಾವೆಲ್ಲ ಮಾಡುವುದೇ. ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ಕೈ ತಾನಾಗಿ ಹೋಗಿ ಅವರನ್ನು ಮುಟ್ಟಿ ಕಣ್ಣಿಗೆ ಬರುತ್ತದೆ. ಯಾರೂ ಹೇಳಬೇಕಾಗಿಲ್ಲ, ಯೋಚಿಸಬೇಕಾಗಿಲ್ಲ. ಇವನು ಹೆಲ್ಮೆಟ್ಟು, ಕೈಗವಸು ಹಾಕಿಕೊಂಡು, ಬಿಗಿದ ಹಗ್ಗದ ಪಕ್ಕದಲ್ಲಿ ಮೊಣಕಾಲೂರಿ ಅದನ್ನೇ ಮಾಡಿದ್ದ.

"ಅಷ್ಟರಾಗ ಹಗ್ಗ ಹರೀತು. ನನ್ನ ಬೆನ್ನ ಮ್ಯಾಲಿಂದ ಹಾದು ಹೋಗಿ ದೇವಣ್ಣನ ಕಾಲಿಗೆ ಬಡೀತು. ಬಲಗಾಲು. ಮೊಣಕಾಲಿನ ಕೆಳಗ ಏನೂ ಉಳೀಲಿಲ್ರಿ."

ವಿಚಾರಣೆಯಲ್ಲಿ ಕೇಳಿದಾಗ, ಹಗ್ಗ ಹರಿಯುವುದು ಕಂಡು ಕುಳಿತೆ ಎಂದು ಹೇಳಿದನಂತೆ. ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ ಎಂದು ಆ ದೇಶದ ಅಧಿಕಾರಿಗಳಿಗೆ ಯಾವ ಭಾಷೆಯಲ್ಲಿ ಹೇಳುವುದು! ಅವರು ಇವನ ಚುರುಕುತನ ಮೆಚ್ಚಿ ಬೆನ್ನು ತಟ್ಟಿದರಂತೆ. ಆ ಮೆಚ್ಚುಗೆ ತಡೆಯಲಾರದೆ ಹಡಗು ಇಳಿದು, ನಂಬರು ಬದಲಾಯಿಸಿ, ದೇವದಾಸನ ಆಸ್ಪತ್ರೆಗೂ ಹೋಗದೆ ಊರಿಗೆ ಬಂದ.

"ನಾ ನಿಂತಿದ್ದರ ಹಗ್ಗ ನಂಗ ಬಡೀತಿತ್ತು. ಅದು ನಂದಿತ್ರಿ, ಅವಂಗ ಹೋತು. ನಾ ನೋಡ್ತಿದ್ದರ ಹೋಲ್ಡ್ ಅಂತಿದ್ದೆ, ಹರೀತಿರಲಿಲ್ಲ. ಹಂಗಂದ್ರ ತಪ್ಪು ನಂದs. ಆದ್ರ ಕಾಲು ತಾಕಿದ ಮ್ಯಾಲ ಬಗ್ಗಲಿಕ್ಕೇ ಬೇಕಲ್ರಿ? ಅದು ಹ್ಯಾಂಗ ತಪ್ಪಾದೀತು? ಬಗ್ಗಿದ್ದಕ್ಕ ದೇವರು ನನ್ನ ಉಳಿಸಿದ ಅಂತಾಳ ರೇಣವ್ವ. ದೇವಣ್ಣನ ಕಾಲು ತಗೊಂಡು ನನ್ನ ಉಳ್ಸೂದು ಎಂಥಾ ಲೆಕ್ಕರಿ?"

ನಿಮ್ಮದೇನೂ ತಪ್ಪಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆದರೆ ಅದು ನಿಜವೋ ಅಲ್ಲವೋ ನನಗೂ ಗೊತ್ತಿರಲಿಲ್ಲ.

"ಅದಕ್ಕೇ ಯಾರ ಹತ್ರನೂ ಬರಲ್ವಾ ನೀವು?"

"ನನ್ನ ಕಾಲು ಸರಿ ಇಲ್ರಿ ಮೇಡಂ. ದೇವಣ್ಣಗ ಮ್ಯಾಲಿಂದ ಮ್ಯಾಲ ತಾಕ್ತಿತ್ತು. ಬ್ಯಾರೆ ಯಾರಿಗೂ ಇಲ್ಲ, ಅವಂಗs. ಮತ್ತ್ಯಾರಿಗರ ತಾಕಿದ್ರ ಏನಾಗತೈತೋ ಅಂತ ದೂರ ನಿಲ್ತೀನಿ."

ಚೀಟಿಯನ್ನು ಅವನ ಕೈಗೇ ವಾಪಸು ಕೊಟ್ಟೆ. "ಹೋಗೋದಾದ್ರೆ ಭಾನುವಾರ ಹನ್ನೆರಡು ಗಂಟೆಗೆ ಹೋಗಿ. ಹನ್ನೊಂದಕ್ಕೆ ಇಲ್ಲಿರ್ಬೇಕು. ಹೇಳೋದನ್ನ ಅವನಿಗೆ ಹೇಳಿ, ಬೈಸಿಕೊಂಡು ಹೋಗಿ" ಎಂದೆ. ಗಟ್ಟಿಯಾಗಿ ಹೇಳಿದೆನೇ ಹೊರತು ಮಾಡುತ್ತಿರುವುದು ಸರಿಯೇ ಎಂದು ಮೂರು ದಿನ ನನಗೂ ಸಮಾಧಾನವಿರಲಿಲ್ಲ. ಬೈದರೆ ಇವನು ತಡೆದುಕೊಳ್ಳುತ್ತಾನೆಯೇ? ಆ ಮನುಷ್ಯ ಹನ್ನೊಂದು ವರ್ಷ ಹುಡುಕಿದ್ದು ಬೈಯುವುದಕ್ಕಲ್ಲದೆ ಇನ್ನೇತಕ್ಕೆ?

ಭಾನುವಾರ ಪಾರ್ಕಿಂಗಿನಲ್ಲಿ, ಕೆಂಪು ಕಂಬಕ್ಕೂ ಹಸಿರು ಕಂಬಕ್ಕೂ ಮುಂದೆ, ನನ್ನ ಕಾರಿನ ಮೂತಿಯ ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಆಟೋ ಬಂತು. ದೇವದಾಸ್ ಇಳಿದರು. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಕೀಗಳ ಗೊಂಚಲು, ಎರಡೂ ಕಾಲಿಗೆ ಪಾಲಿಶ್ ಮಾಡಿದ ಬೂಟು. ಬಲಗಾಲನ್ನು ಒಂದಿಷ್ಟು ತಡವಾಗಿ ತರುತ್ತಿದ್ದರು, ಅಷ್ಟೇ. ಚನ್ನವೀರ ಹಸಿರು ಕಂಬಕ್ಕೆ ಒತ್ತಿಕೊಂಡು ನಿಂತಿದ್ದ.

"ಲೋ ಚನ್ನ, ಹತ್ರ ಬಾರೋ."

ಅವನು ಅಲ್ಲಾಡಲಿಲ್ಲ. ನಿಂತಲ್ಲಿಂದಲೇ ಒಂದೇ ಉಸಿರಿಗೆ ಒದರಿಬಿಟ್ಟ. "ದೇವಣ್ಣ, ನಾ ಹಗ್ಗ ನೋಡ್ತಿರಲಿಲ್ಲ. ನೋಡ್ತಿದ್ದೆ ಅಂತ ಸುಳ್ಳು ಹೇಳೇನಿ. ನಿನ್ನ ಕಾಲಿಗೆ ಕಾಲು ತಾಕಿಸಿ ಬಗ್ಗಿದ್ದೆ."

"ಗೊತ್ತು ಕಣೋ."

"ಗೊತ್ತ?"

"ನಿನ್ನ ಬಗ್ಗಿಸಿದ್ದೇ ನಾನು." ದೇವದಾಸ್ ಕುರ್ಚಿಯಲ್ಲಿ ಕುಳಿತರು. "ನಿನ್ನ ಕಾಲು ನನಗೆ ತಾಗ್ಲಿಲ್ಲ. ನಾನೇ ತಾಗಿಸ್ದೆ. ಅವತ್ತೊಂದಿನ ಅಲ್ಲ, ಯಾವಾಗ್ಲೂ ನಾನೇ. ಸುಮ್ನೆ ಬೂಟು ತಂದು ನಿನ್ನ ಬೂಟಿಗೆ ಒತ್ತಿದ್ರೆ ಸಾಕು, ನೀನು ಕೆಲಸ ಬಿಟ್ಟು ಬಗ್ಗಿ ಕಣ್ಣಿಗೊತ್ಕೊಳ್ತಿದ್ದೆ. ನೋಡಿದೋರೆಲ್ಲ ನಗೋರು. ನನಗೆ ಅದೊಂದು ಆಟ ಆಗೋಗಿತ್ತು. ಹಗ್ಗ ಬಿಗಿದಿರೋ ಹೊತ್ತಲ್ಲೂ ಆಟ ಆಡ್ದೆ ಕಣೋ. ಸ್ವಲ್ಪದ್ರಲ್ಲಿ ನಿನ್ನ ತಲೇನೇ ಹೋಗ್ತಿತ್ತು. ಈ ಮಾತು ಹೇಳೋಣ ಅಂತ ಆಸ್ಪತ್ರೆಯಿಂದ ಫೋನ್ ಮಾಡಿದ್ರೆ ನಿನ್ನ ನಂಬರ್ರೇ ಇಲ್ಲ. ತಪ್ಪಾಯ್ತು ಅಂತ ಯಾರಿಗೆ ಹೇಳ್ಲಿ ನಾನು?"

ಚನ್ನವೀರನ ಮುಖ ನೋಡಬೇಕಿತ್ತು. ಸಿಟ್ಟಿಲ್ಲ, ಅಳುವಿಲ್ಲ. ಪೂರಾ ದಿಕ್ಕು ತಪ್ಪಿದವನ ಮುಖ. ನಿಧಾನವಾಗಿ ಒಂದೊಂದೇ ನೆನಪು ಹೆಕ್ಕಿ ಕೇಳತೊಡಗಿದ.

"ಸಿಂಗಪುರದಾಗ, ಬಣ್ಣ ಹಚ್ಚುಮುಂದ?"

"ನಾನೇ."

"ಕೊಲಂಬೊದಾಗ, ಚಾ ಚೆಲ್ಲಿದ್ದು?"

"ಅದೂ ನಾನೇ."

"ಊಟದ ಮನ್ಯಾಗ?"

ದೇವದಾಸ್ ಯೋಚಿಸಿದರು. "ಅದು ನೀನೇ ಇರ್ಬಹುದು. ಅಲ್ಲಿ ಜಾಗ ಕಮ್ಮಿ."

ಚನ್ನವೀರ ತಲೆ ತಗ್ಗಿಸಿ ತನ್ನ ಕಾಲುಗಳನ್ನು ನೋಡಿಕೊಂಡ. ಇಷ್ಟು ವರ್ಷ ಅವುಗಳ ಮೇಲೆ ಹೊರಿಸಿದ್ದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ನಿಂತಿದ್ದ. ನನಗೂ ತಿಳಿಯಲಿಲ್ಲ. ತಪ್ಪು ಒಬ್ಬನದು ಎಂದುಕೊಂಡಿದ್ದೆ, ಅದು ಈಗ ಇನ್ನೊಬ್ಬನ ಕಡೆ ಜರುಗಿತ್ತು. ಆದರೆ ಕಾಲು ಹೋದದ್ದೂ ಆ ಇನ್ನೊಬ್ಬನದೇ. ಯಾರನ್ನು ಬೈಯಬೇಕು, ಯಾರನ್ನು ಸಮಾಧಾನ ಮಾಡಬೇಕು?

"ಈಗ ಬಗ್ಗೋದು ನನ್ನ ಸರದಿ" ಎಂದು ದೇವದಾಸ್ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಬಂದರು. ಒಂದು ಕೈಯಿಂದ ಕಂಬ ಹಿಡಿದು, ಇನ್ನೊಂದು ಕೈಯನ್ನು ಚನ್ನವೀರನ ಪಾದದ ಕಡೆಗೆ ಚಾಚಿ ಬಗ್ಗತೊಡಗಿದರು. ಕಟ್ಟಿಕೊಂಡ ಕೃತಕ ಕಾಲು ಅಷ್ಟು ಬಗ್ಗುವಂಥದ್ದಲ್ಲ. ಅದು ನೆಲದ ಟೈಲ್ಸಿನ ಮೇಲೆ ಜಾರತೊಡಗಿತು. ನಾನು ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚನ್ನವೀರನ ಮುಷ್ಟಿ ಮೇಲೆ ಹೋಯಿತು.

"ಹೋಲ್ಡ್!"

ಇಡೀ ಅಪಾರ್ಟ್‌ಮೆಂಟಿಗೆ ಕೇಳಿಸಿರಬೇಕು. ದೇವದಾಸ್ ಅರ್ಧ ಬಗ್ಗಿದ್ದವರು ಹಾಗೇ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಹೋಲ್ಡ್" ಎಂದರು ದೇವದಾಸ್, ಮೆಲ್ಲಗೆ.

ಆಗ ಚನ್ನವೀರ ಹತ್ತಿರ ಹೋದ. ಮೂರು ವರ್ಷದಲ್ಲಿ ಅವನು ಒಬ್ಬ ಮನುಷ್ಯನ ಅಷ್ಟು ಹತ್ತಿರ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡೂ ರಟ್ಟೆ ಹಿಡಿದು ಎತ್ತಿ, ಕುರ್ಚಿಯಲ್ಲಿ ಕೂರಿಸಿದ. ಕೂರಿಸುವ ಗಡಿಬಿಡಿಯಲ್ಲಿ ಅವನ ಬೂಟು ದೇವದಾಸರ ಬಲಗಾಲಿಗೆ ತಾಗಿತು. ಟಕ್ ಎಂದು ಟೊಳ್ಳು ಸದ್ದು ಬಂತು. ಚನ್ನವೀರನ ಕೈ ತಾನಾಗಿ ಮುಂದೆ ಹೋಗಿ ನಡುವೆಯೇ ನಿಂತುಬಿಟ್ಟಿತು. ಅವನು ನನ್ನತ್ತ ತಿರುಗಿದ.

"ಮೇಡಂ, ಇದಕ್ಕೂ ಮಾಡಬೇಕೇನ್ರಿ?"

ನನಗೆ ಹೇಗೆ ಗೊತ್ತಿರಬೇಕು! ನನ್ನ ಕಣ್ಣು ಮಂಜಾಗಿ ಏನೂ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

"ಅದಕ್ಕೇನೂ ಗೊತ್ತಾಗಲ್ಲ, ಬಿಡೋ" ಎಂದರು ದೇವದಾಸ್.

ಚನ್ನವೀರ ಬಿಡಲಿಲ್ಲ. ಮಾಡಿಯೇ ಮಾಡಿದ. ಬಗ್ಗುವ ಮುಂಚೆ ಮಾತ್ರ ಒಮ್ಮೆ ಹಿಂದೆ ತಿರುಗಿ ಚೆನ್ನಾಗಿ ನೋಡಿದ. ಅಲ್ಲಿ ನನ್ನ ಕಾರು ಹ್ಯಾಂಡ್‌ಬ್ರೇಕ್ ಹಾಕಿಕೊಂಡು ನಿಂತಿತ್ತು, ಅಷ್ಟೇ.